ಮೆಣಸಿನಕಾಯಿಗೂ ಒಂದು ಜಾಗ

ಮಕ್ಕಳೇ, ಕದರಮಂಡಲಗಿಯ ನಮ್ಮ ರಸ್ತೆಯನ್ನು ಹೊರದೇಶದ ನೆರವಿನಿಂದ ಮಾಡಿಸಿದವರು ಒಬ್ಬ ಇಂಜಿನಿಯರಮ್ಮ. ಹೆಲ್ಮೆಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, ಏನು ಕೇಳಿದರೂ “ದಾರಿ ಐತಿ ಬಿಡ್ರಿ” ಎನ್ನುತ್ತಿದ್ದರು.

ನೆರವು ಕೊಟ್ಟವರು ನೋಡಲು ಬಂದ ದಿನವೇ ನಾವು ಹೆಂಗಸರು ಹೊಸ ಡಾಂಬರಿನ ಮೇಲೆ ಮೆಣಸಿನಕಾಯಿ ಹರವಿದ್ದೆವು. ವಿದೇಶಿ ಸಾಹೇಬರು ಸೀನುತ್ತ, ರಸ್ತೆ ಹೀಗಾದರೆ ಮುಂದೆ ಕಟ್ಟಬೇಕಿದ್ದ ಹಳ್ಳದ ಸೇತುವೆಗೆ ಒಪ್ಪಿಗೆ ಇಲ್ಲ ಎಂದರು.

“ಅಂಗಳದಾಗ ಹರವಬಾರದೇನವ್ವಾ?” ಎಂದು ಇಂಜಿನಿಯರಮ್ಮ ನನ್ನನ್ನೇ ಕೇಳಿದರು.

“ಅಲ್ಲಿ ಧೂಳ್ರಿ ಮೇಡಂ. ಇಲ್ಲಿ ಲಗೂ ಒಣಗತಾವ,” ಎಂದೆ, ಸೆರಗು ಬಾಯಿಗೆ ಹಿಡಿದು.

“ದಾರಿ ಐತಿ ಬಿಡ್ರಿ,” ಎಂದು ಅವರು ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಕಡ್ಡಿಯಿಂದ ಗೆರೆ ಎಳೆದು, ಮೆಣಸಿನಕಾಯಿ ಒಣಗಿಸಲು ಇಲ್ಲೊಂದು ಸಿಮೆಂಟಿನ ಕಣ ಆಗಲಿ ಎಂದು ಹೇಳಿ, ಸಾಹೇಬರನ್ನು ಸೇತುವೆಗೂ ಒಪ್ಪಿಸಿದರು.

ಮುಂದಿನ ಸುಗ್ಗಿಯಲ್ಲಿ ನಮ್ಮ ಮೆಣಸಿನಕಾಯಿ ಹೊಸ ಸೇತುವೆ ದಾಟಿ, ಬ್ಯಾಡಗಿ ಪೇಟೆಯಲ್ಲಿ ಎಲ್ಲರಿಗಿಂತ ಮೊದಲು ಇಳಿಯಿತು.