ಹೆಸರು ಕೂಗಿದ ಮಧ್ಯಾಹ್ನ

ಪುಟ್ಟು, ಸರೋಜಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಪುಟ್ಟುವಿಗೆ ತಾತನ ಹೆಸರನ್ನೇ ಇಟ್ಟಿದ್ದರೂ ನಾನೊಬ್ಬಳು ಮಾತ್ರ ಆ ಹೆಸರು ಹಿಡಿದು ಏಕೆ ಕರೆಯುವುದಿಲ್ಲವೆಂದು ಎಷ್ಟೋ ಸಲ ಕೇಳಿದ್ದೀರಿ. ಗಂಡನ ಹೆಸರು ಹೇಳಲು ಅಜ್ಜಿಗೆ ನಾಚಿಕೆ ಎಂದು ನಕ್ಕಿದ್ದೀರಿ. ಅದು ಅರ್ಧ ನಿಜ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕಕ್ಷರ ಮಾತ್ರ ಕಲಿತವಳಾದರೂ ದೆವ್ವ, ಗಾಳಿ ಎಂಬುದನ್ನೆಲ್ಲ ನಂಬಿದವಳಲ್ಲ. ಹಾಗೆ ಹೇಳುವವರನ್ನು ಕಂಡರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ನಿಮ್ಮ ತಾತ ಮೈಸೂರಿನ ಬೆಂಕಿ ನಂದಿಸುವ ಠಾಣೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿತ್ತು. ಅವರ ತಂಡದಲ್ಲಿ ಒಂದು ರೂಢಿ. ಬೆಂಕಿ ಆರಿದ ಮೇಲೆ, ಗಾಡಿ ಹಿಂದಕ್ಕೆ ತಿರುಗುವ ಮೊದಲು, ದಫೇದಾರರು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರು. ಹೆಸರಿನವನು “ಈಚೆಗಿವ್ನಿ” ಎನ್ನಬೇಕು. ಹೊರಗೆ ಬಂದಿದ್ದೇನೆ ಎಂದರ್ಥ. ಆ ಮಾತು ಮನೆಗೂ ಬಂದಿತ್ತು. ನಾನು ಒಲೆಯ ಮುಂದಿನಿಂದ “ಕೇಳುಸ್ತಾ?” ಎಂದರೆ ಜಗಲಿಯಿಂದ “ಈಚೆಗಿವ್ನಿ ಕಣಮ್ಮಿ” ಎನ್ನುತ್ತಿದ್ದರು. ಅಮ್ಮಿ ಎನ್ನುತ್ತಿದ್ದುದು ನಾವಿಬ್ಬರೇ ಇದ್ದಾಗ ಮಾತ್ರ. ಜನರ ಮುಂದೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹತ್ತಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಹೋದ ಅವರ ಮೇಲೆ ಚಾವಣಿ ಕುಸಿಯಿತು. ಹೊತ್ತು ತರುವಾಗಲೇ ಉಸಿರು ನಿಂತಿತ್ತು. ಆ ಗೋಳಾಟದಲ್ಲಿ ಅಂದು ಯಾರ ಹೆಸರನ್ನೂ ಕೂಗಲಿಲ್ಲವಂತೆ.

ಕೆಲವು ವರ್ಷಗಳಾದ ಮೇಲೆ, ಆಯುಧಪೂಜೆಯ ದಿನ ಠಾಣೆಯಲ್ಲಿ ನಿವೃತ್ತರಾದವರಿಗೂ ಕೆಲಸದಲ್ಲಿ ಮಡಿದವರಿಗೂ ಮರ್ಯಾದೆ ಮಾಡುತ್ತಾರೆಂದು ಹಳೆಯ ದಫೇದಾರ್ ಮರೀಗೌಡರು ಕರೆಯಲು ಬಂದರು. ನಾನು ಬಾಗಿಲ ಮರೆಯಲ್ಲೇ ನಿಂತು, “ಹಬ್ಬದ ದಿನ ನನ್ನಂಥೋಳು ಮುಂದೆ ಬರೋದು ಅಮಂಗಳ ಕಣಣ್ಣ” ಎಂದೆ.

“ನಮ್ಗೆ ಅಮಂಗಳ ಅನ್ನೋದು ಒಂದೇ ಕಣವ್ವ, ಒಬ್ಬನ್ನ ಒಳಗೇ ಬುಟ್ಟು ಬರೋದು. ಸತ್ತೋರ ಎಸ್ರ ಮನೆಯೋರು ಕೂಗ್ಬೇಕು. ನಾವು ಮುದುಕ್ರೆಲ್ಲಾ ‘ಈಚೆಗವ್ನೆ’ ಅಂತೀವಿ. ನೀನು ಕೂಗ್ದೇ ಇದ್ರೆ ಅವ್ನು ಇನ್ನೂ ಆ ಗೋದಾಮ್ನಲ್ಲೇ ಅವ್ನೆ ಅಂತಾಯ್ತದೆ.”

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅವರು ನಕ್ಕು, “ಗಂಡನ್ ಎಸ್ರು ಏಳಕ್ಕೆ ನಾಚ್ಕೆಯಾ? ನಮ್ಮನೇವ್ಳು ನನ್ನ ಬೈಯೋವಾಗೆಲ್ಲಾ ಎಸ್ರು ಇಡ್ಕೊಂಡೇ ಬೈತಾಳೆ ಬುಡು” ಎಂದರು. ನನಗೆ ನಗು ಬರಲಿಲ್ಲ. ಇನ್ನೂ ಗೋದಾಮಿನಲ್ಲೇ ಇದ್ದಾರೆಂಬ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು.

ಹೋದೆ. ಗಾಡಿಯನ್ನು ತೊಳೆದು, ಬಾಳೆಕಂದು ಕಟ್ಟಿ ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಹಿಂದೆ ಅದರ ಶೆಡ್ಡು ಖಾಲಿ. ಮುದುಕರು ಬಿಸಿಲಿನಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನನಗಿಂತ ಮುಂಚೆ ಒಬ್ಬ ತಾಯಿ ಮಗನ ಹೆಸರು ಕೂಗಿದಳು. “ಈಚೆಗವ್ನೆ” ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ನನ್ನ ಸರದಿ ಬಂತು. ಮರೀಗೌಡರು ಮೆಲ್ಲಗೆ “ಕೂಗವ್ವ, ಕಾಯ್ತಾ ಅವ್ನೆ” ಎಂದರು. ಕಣ್ಣು ಮುಚ್ಚಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಅವರ ಹೆಸರು ಕೂಗಿದೆ.

ಖಾಲಿ ಶೆಡ್ಡಿನೊಳಗಿನಿಂದ ದನಿ ಬಂತು. “ಈಚೆಗ್ ಬಂದೆ ಕಣಮ್ಮಿ.”

ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತಾಗಿನ ದಣಿದ ದನಿ. ಜೊತೆಗೆ ನೀರು ಬಿದ್ದ ಸುಟ್ಟ ಹತ್ತಿಯ ವಾಸನೆ. ನನ್ನ ಭ್ರಮೆ ಎಂದುಕೊಂಡು ಕಣ್ಣು ಬಿಟ್ಟೆ. ಮುದುಕರೆಲ್ಲ ಕತ್ತು ತಿರುಗಿಸಿ ಶೆಡ್ಡಿನ ಕಡೆಗೇ ನೋಡುತ್ತಿದ್ದರು. ಯಾರೋ ಎದ್ದು ಹೋಗಿ ನೋಡಿ ಬಂದರು. ಒಳಗೆ ಮೂರು ಗೋಡೆ, ಒಣಗಿದ ನೆಲ, ಅಷ್ಟೇ. ನನಗೆ ಶಾಲು ಹೊದಿಸಿ, ಹಾರ ಹಾಕಿದ ಅವರ ಪಟವನ್ನು ನನ್ನ ಕೈಗೆ ಕೊಟ್ಟರು.

ಮರೀಗೌಡರು ಮನೆಯವರೆಗೂ ಜೊತೆಗೆ ಬಂದರು. ಬಾಗಿಲಲ್ಲಿ ನಿಂತು, “ನೀನು ಕೂಗ್ದಾಗ ನಾವ್ಯಾರೂ ಬಾಯಿ ಬುಡ್ಲಿಲ್ಲ ಕಣವ್ವ” ಎಂದರು. ಆಮೇಲೆ ನೆಲ ನೋಡುತ್ತಾ ಕೇಳಿದರು, “ಅಮ್ಮಿ ಅಂದ್ರೆ ಯಾರು?”

ನಾನು ಪಟವನ್ನು ಎದೆಗವಚಿಕೊಂಡು ಒಳಗೆ ಹೋದೆ.

ಅದು ಏನೆಂದು ನನಗೆ ಇಂದಿಗೂ ತಿಳಿಯದು. ಅವರು ಹೊರಗೆ ಬಂದರೆಂದು ಒಂದು ಮನಸ್ಸು ಹೇಳುತ್ತದೆ. ಹಾಗಾದರೆ ಅಲ್ಲಿಯವರೆಗೆ ಎಲ್ಲಿದ್ದರು, ಎಂದು ಇನ್ನೊಂದು ಕೇಳುತ್ತದೆ. ಮತ್ತೆ ಆ ಹೆಸರು ಕೂಗಿ ಉತ್ತರ ಬಂದರೂ ನನಗೆ ಭಯ, ಬಾರದಿದ್ದರೂ ಭಯ. ಅದಕ್ಕೇ ಇಲ್ಲಿಯೂ ಬರೆದಿಲ್ಲ. ಈ ಹಾಳೆಗಳನ್ನು ಅವರ ಪಟದ ಹಿಂದೆ ಜೋಪಾನವಾಗಿ ಇಡಿ, ಮಕ್ಕಳೇ. ಒಲೆಯ ಹತ್ತಿರ ಮಾತ್ರ ಇಡಬೇಡಿ.