ಅಕ್ಕನ ತಲೆನೋವು

ನಿನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಒಣಶುಂಠಿ ತೇಯುತ್ತಿದ್ದರು. ಆ ಖಾರದ ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ಎದ್ದು ಕಿಟಕಿ ಮುಚ್ಚಿಬಿಟ್ಟೆ. ವಯಸ್ಸಾಯಿತು, ಖಾರ ತಡೆಯುವುದಿಲ್ಲ ಎನ್ನುತ್ತೀರಿ. ಇರಬಹುದು. ಆದರೂ ಕೇಳಿ.

ಆಗಿನ್ನೂ ಮೂವತ್ತರ ದಶಕ. ಅವಿನಾಶಿಯಲ್ಲಿ ನಮ್ಮದು ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಕ್ಕ ರುಕ್ಮಿಣಿಯನ್ನು ಅದೇ ಬೀದಿಯ ಕೊನೆಯ ಮನೆಗೆ ಕೊಟ್ಟಿದ್ದರು. ಇಪ್ಪತ್ತಮೂರು ವರ್ಷ, ಗಟ್ಟಿ ಆಳು. ಬಾವ ಮಗ್ಗದ ಮುಂದೆ ಮೌನಿ, ಊಟದ ಮುಂದೆ ಮುಂಗೋಪಿ. ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ತಲೆ ಹಿಡಿದುಕೊಂಡು ಬಂದಳು.

"ಇದು ದಿನಾ ಬರೋ ತಲೆವಲಿ ಅಲ್ಲ ಕಣೇ. ಹಿಂದ್ಗಡೆ ಯಾರೋ ಒನಕೇಲಿ ಹೊಡ್ದಂಗೆ, ಒಂದೇ ಏಟ್ಗೆ ಬಂತು."

ಹತ್ತೊಂಬತ್ತರ ನಾನು ಮಹಾ ವೈದ್ಯೆ. ಶುಂಠಿ ತೇದು ಹಣೆಗೆ ಹಚ್ಚಿದೆ. ಕತ್ತು ಬಗ್ಗುತ್ತಿಲ್ಲ ಎಂದಳು. ಮಗ್ಗದಲ್ಲಿ ಕೂತು ಕೂತು ಹಿಡಿದುಕೊಂಡಿದೆ ಎಂದು ಅದಕ್ಕೂ ನಾನೇ ಕಾರಣ ಕೊಟ್ಟೆ.

ಹತ್ತು ದಿನದ ಮೇಲೆ ಬೆಳಿಗ್ಗೆ ಬಾವನ ಕೂಗಾಟ ಕೇಳಿಸಿತು, ಆಮೇಲೆ ಏನೋ ಬಿದ್ದ ಸದ್ದು. ಓಡಿದೆವು. ಅಕ್ಕ ಮಗ್ಗದ ಪಕ್ಕದಲ್ಲಿ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಬಾವ ಪಂಚೆಯ ತುದಿಯಿಂದ ಅವಳ ಬಾಯಿ ಒರೆಸುತ್ತಿದ್ದರು. ಏನಾಯಿತೆಂದು ಅವರನ್ನು ನಾವು ಯಾರೂ ಕೇಳಲಿಲ್ಲ.

ಬಸ್ಸಿನಲ್ಲಿ ಕೊಯಮತ್ತೂರಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಬೆನ್ನೆಲುಬಿನ ಸಂದಿಗೆ ಸೂಜಿ ಹಾಕಿದರು. ನೀರಿನಂತೆ ತಿಳಿಯಾಗಿ ಬರಬೇಕಾದದ್ದು ಕೆಂಪಗೆ ಬಂತು. ತಲೆಯೊಳಗೆ ರಕ್ತ ಸೋರಿದೆ ಎಂದರು. ಬಿದ್ದಿದ್ದಳೇ, ಯಾರಾದರೂ ಹೊಡೆದಿದ್ದರೇ ಎಂದು ತಮಿಳಿನಲ್ಲಿ ವಿಚಾರಿಸಿದರು. ಬಾವ ಹೊಡೆದರು ಎಂದುಬಿಟ್ಟೆ ನಾನು.

ಮರುದಿನ ಅಕ್ಕ ಹೋದಳು. ನನ್ನ ಒಂದು ಮಾತಿಗೆ ಪೊಲೀಸರು ಬಂದರು. ಬಾವನನ್ನು ಆಸ್ಪತ್ರೆಯ ಜಗಲಿಯ ಮೇಲೆ ಕೂರಿಸಿ ಕಾವಲು ನಿಂತರು. ಅಕ್ಕನ ದೇಹವನ್ನು ಕೊಯ್ದರು.

ಸಂಜೆ ಡಾಕ್ಟರು ಅಪ್ಪನನ್ನೂ ನನ್ನನ್ನೂ ಕರೆದರು. ಚರ್ಮದ ಮೇಲೆ ಗಾಯವಿಲ್ಲ, ಮೂಳೆಯಲ್ಲಿ ಬಿರುಕಿಲ್ಲ. ಮಿದುಳಿನ ಅಡಿಯ ಒಂದು ರಕ್ತನಾಳದಲ್ಲಿ ಬಟಾಣಿಯಷ್ಟು ಉಬ್ಬು ಇತ್ತಂತೆ. ಅದರ ತೆಳು ಗೋಡೆ ತಾನಾಗಿ ಒಡೆದಿತ್ತು. ಯಾರೂ ಹೊಡೆದಿಲ್ಲ ಎಂದರು. ಹಿಂದೆ ಯಾವತ್ತಾದರೂ ತಲೆನೋವು ಸಿಡಿಲಿನಂತೆ ಬಂದಿತ್ತೇ ಎಂದು ಕೇಳಿದರು. ಹೌದೆಂದೆ. ಅವತ್ತೇ ಸ್ವಲ್ಪ ಸೋರಿರಬೇಕು, ಆಗ ಕರೆತಂದಿದ್ದರೂ ಅದನ್ನು ಮುಚ್ಚುವ ದಾರಿ ನಮಗೆ ಗೊತ್ತಿಲ್ಲ ಎಂದರು. ಸಮಾಧಾನಕ್ಕೆ ಹೇಳಿದರೋ ಏನೋ.

ಅಪ್ಪ ಜಗಲಿಗೆ ಹೋಗಿ ಅಳಿಯನಿಗೆ ಕೈಮುಗಿದರು. ಬಾವ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ನಾನೂ ನಂದೇ ತಪ್ಪು ಅಂತಿದ್ದೆ ಮಾವಾ. ಕೂಗಾಡ್ದ್ನಲ್ಲ, ಅದ್ಕೇ ಒಳಗೇನೋ ಒಡ್ದೋಯ್ತು ಅಂತ."

ಆಮೇಲೆ ನನ್ನ ಕಡೆ ತಿರುಗಿದರು. "ನೀನು ನೋಡಿದ್ಯಾಮ್ಮಾ?"

ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

ಮುಂದೆ ಅವರು ಹಬ್ಬಗಳಿಗೆ ಬಂದರು, ನಾನು ಬಡಿಸಿದ್ದನ್ನು ಉಂಡರು. ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಹೋದ ತಿಂಗಳು ತೀರಿಕೊಂಡರು.

ಇಲ್ಲ ಬಾವ, ನಾನು ನೋಡಿರಲಿಲ್ಲ.