ಒಗೆಯಬಾರದ ಬಟ್ಟೆ

ನಾಯಿ ಬೇಡವೆಂದು ನಾನು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ. ನಮ್ಮ ಒಂಬತ್ತು ವರ್ಷದ ಮಗಳು ನಾಯಿ ಬೇಕೆಂದು ಹಟ ಹಿಡಿದು ಎರಡು ವರ್ಷ ಮೇಲಾಗಿತ್ತು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಅವಳ ತರಗತಿಯ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಒಂದು ನಾಯಿ ಬಾಲ ಅಲ್ಲಾಡಿಸುತ್ತ ನಿಂತಿರುತ್ತಿತ್ತು. ನಮ್ಮ ಹುಡುಗಿ ಆಡಿ ಬರುವಾಗ ಕಣ್ಣು ಕೆಂಪಾಗಿ, ಮೂಗು ಸುರಿಯುತ್ತಿರುತ್ತಿತ್ತು. ಒಂದೆರಡು ಸಲ ಎದೆಯಲ್ಲಿ ಉಬ್ಬಸದ ಸಿಳ್ಳೆಯೂ ಎದ್ದಿತ್ತು. ಆ ಸಿಳ್ಳೆಯದೇ ನನಗೆ ಹೆದರಿಕೆ. ಅವಳು ಓದುತ್ತಿರಲಿ, ಉಣ್ಣುತ್ತಿರಲಿ, ಹಿಂದಿನಿಂದ ಹೋಗಿ ಬೆನ್ನಿಗೆ ಕಿವಿ ಹಚ್ಚುವುದು ನನಗೆ ಚಟವಾಗಿಬಿಟ್ಟಿತ್ತು. ಅವಳು ಭುಜ ಕೊಡವಿ, “ಆಲೆಸ್ ಗುಟ್, ಮಮ್ಮಿ” ಎನ್ನುತ್ತಿದ್ದಳು. ಎಲ್ಲ ಸರಿಯಿದೆಯಂತೆ. ಅದನ್ನು ಹೇಗೆ ನಂಬುವುದು?

ಗಂಡನಿಗೆ ಈ ತಳಮಳವೆಲ್ಲ ಇರಲಿಲ್ಲ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆದ ಅವರು ನಾಯಿಯನ್ನೂ ಹಾಗೇ ನೋಡಿದರು. ಯಾವ ತಳಿಯ ಕೂದಲು ಉದುರುವುದಿಲ್ಲ, ಯಾವುದಕ್ಕೆ ಜೊಲ್ಲು ಕಡಿಮೆ, ಎತ್ತರ ಎಷ್ಟು, ತೂಕ ಎಷ್ಟು. ಊಟಕ್ಕೆ ಕೂತಾಗ ಫೋನ್ ಹಿಡಿದು, “ಇದ ನೋಡು, ಅಲರ್ಜಿ ಇದ್ದವರಿಗಂತನ ಇರೋ ನಾಯಿ ಅಂತ” ಎಂದು ಗುಂಗುರು ಕೂದಲಿನ ಚಿತ್ರ ತೋರಿಸುವರು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ನಾಯಿಗೆ ಯಾರೂ ತಳಿ ಕೇಳಿದವರಲ್ಲ. ಉಳಿದ ರೊಟ್ಟಿ ಹಾಕಿದರೆ ತಿನ್ನುತ್ತಿತ್ತು, ಹಾಕದಿದ್ದರೆ ಮುಂದಿನ ಮನೆಗೆ ಹೋಗುತ್ತಿತ್ತು. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಅಲರ್ಜಿಯ ಡಾಕ್ಟರು ಗಂಡನ ಉತ್ಸಾಹಕ್ಕೆ ತಣ್ಣೀರೆರಚಿದರು. ಅಲರ್ಜಿಯೇ ಆಗದ ನಾಯಿ ಎಂಬುದು ಇಲ್ಲ, ಜಾಹೀರಾತು ನಂಬಬೇಡಿ ಎಂದರು. ತೊಂದರೆ ಬರುವುದು ಕೂದಲಿನಿಂದಲ್ಲ, ನಾಯಿಯ ಎಂಜಲು ಮತ್ತು ಚರ್ಮದ ಹೊಟ್ಟಿನಿಂದ. ಅದು ನಾಯಿಯಿಂದ ನಾಯಿಗೆ ಬೇರೆ. ಒಂದೇ ತಳಿಯ ಎರಡು ನಾಯಿಗಳಲ್ಲಿ ಒಂದು ಒಗ್ಗಬಹುದು, ಇನ್ನೊಂದು ಒಗ್ಗದಿರಬಹುದು. “ನಿಮ್ಮ ಮಗಳ ಅಲರ್ಜಿ ತೀವ್ರವೇನಲ್ಲ. ಮನಸ್ಸಿಗೆ ಬಂದ ನಾಯಿಯ ಹತ್ತಿರ ಹೋಗಿ, ಕೂತು, ನೋಡಿ. ಇನ್ಹೇಲರ್ ಕೈಯಲ್ಲೇ ಇರಲಿ. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ,” ಎಂದರು. ಅವರು ಖಡಾಖಂಡಿತ ಬೇಡವೆನ್ನಲಿ ಎಂದು ನಾನು ದೇವರಿಗೆ ಕೈಮುಗಿದು ಹೋಗಿದ್ದೆ. ಅವರೂ ಕೈಕೊಟ್ಟರು.

ಊರಾಚೆ ಬಸ್ಸಿನಲ್ಲಿ ಹೋಗಬಹುದಾದ ಒಂದು ಹಳ್ಳಿಯಲ್ಲಿ ಪೂಡಲ್ ಎಂಬ ಗುಂಗುರು ಕೂದಲಿನ ನಾಯಿ ಸಾಕುವ ವಯಸ್ಸಾದ ಹೆಂಗಸೊಬ್ಬಳಿದ್ದಳು. ನಾಯಿ ತೋರಿಸುವುದಕ್ಕೆ ಮೊದಲು ಅವಳೇ ನಮ್ಮನ್ನು ತೋಟದಲ್ಲಿ ಕೂರಿಸಿ ವಿಚಾರಣೆ ಮಾಡಿದಳು. ಮರಿ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ಮನೆ ಮಾಲೀಕರು ಒಪ್ಪಿದ್ದಾರೆಯೇ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ನಮ್ಮ ಮದುವೆಯ ಮಾತುಕತೆಯಲ್ಲಿ ಕೂಡ ಗಂಡನನ್ನು ಯಾರೂ ಇಷ್ಟು ಕೇಳಿರಲಿಲ್ಲ. ಕಡೆಗೆ ಕಂದು ಬಣ್ಣದ ಒಂದು ಮರಿ ಹುಲ್ಲಿನಲ್ಲಿ ಉರುಳಿಕೊಂಡು ಬಂದು ಮಗಳ ಮಡಿಲು ಹತ್ತಿತು. ಬಯಲು ಗಾಳಿ, ಕೆಮ್ಮಿಲ್ಲ, ಸೀನಿಲ್ಲ. ಮಗಳ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ಆಸೆ ಇತ್ತು ಅದರಲ್ಲಿ.

ಹೊರಡುವಾಗ ಆಕೆ ಮರಿ ಮಲಗುವ ಬುಟ್ಟಿಯಿಂದ ಒಂದು ಹಾಸುಬಟ್ಟೆ ತೆಗೆದು ಚೀಲಕ್ಕೆ ಹಾಕಿ ಕೊಟ್ಟಳು. ಒಂದು ವಾರ ಇದು ಮಗುವಿನ ದಿಂಬಿನ ಹತ್ತಿರ ಇರಲಿ, ಒಗೆಯಬೇಡಿ, ಕೆಮ್ಮು ಬರುತ್ತದೆಯೇ ನೋಡಿ, ಆಮೇಲೆ ಬಂದು ಉತ್ತರ ಹೇಳಿ ಎಂದಳು. ಮನೆಗೆ ಬಂದು, ನಾಳೆಯಿಂದ ಶುರು ಮಾಡೋಣವೆಂದು ಚೀಲವನ್ನು ಮಗಳ ಕೋಣೆಯ ಕುರ್ಚಿಯ ಮೇಲಿಟ್ಟೆ. ಮರುದಿನ ಭಾನುವಾರ, ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ತರಕಾರಿ ತರಲು ಓಡಿದೆ.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಲಸದ ಮೀಟಿಂಗಿನ ನಡುವೆ ಮೈಕ್ ಆರಿಸಿ ಮಗಳ ಕೋಣೆಗೆ ಹೋಗಿ ಕಿಟಕಿ ತೆಗೆಯುತ್ತಿದ್ದೆ, ತೆಗೆದರೆ ಪರೀಕ್ಷೆ ಕೆಡುತ್ತದೆಂದು ಮತ್ತೆ ಹಾಕುತ್ತಿದ್ದೆ. ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟುವ ಮನಸ್ಸಿರಲಿಲ್ಲ. ಮಗಳೇ ಅದನ್ನು ದಿಂಬಿನಡಿ ಇಟ್ಟುಕೊಂಡಿದ್ದಳು. ಒಂದು ಕೆಮ್ಮೂ ಬರಲಿಲ್ಲ. ಬೆನ್ನಿಗೆ ಕಿವಿ ಹಚ್ಚಿದರೆ ಉಸಿರು ಸಲೀಸಾಗಿ ಹೋಗಿಬರುತ್ತಿತ್ತು. ಸಂತೋಷವಾಯಿತೇ ಎಂದರೆ ಆಯಿತು. ಆದರೆ ಬೇಡವೆನ್ನಲು ಇದ್ದ ಒಂದು ನೆಪವೂ ಹೋಯಿತಲ್ಲ ಎಂಬ ಸಂಕಟವೂ ಇತ್ತು. ಶುಕ್ರವಾರ ಸಂಜೆ ಮನೆ ಮಾಲೀಕರ ಒಪ್ಪಿಗೆ ಬಂತೆಂದು ಗಂಡ ತಮ್ಮ ತಾಯಿಯ ಕೈಯಲ್ಲಿ ಶಿರಾ ಮಾಡಿಸಿದರು.

ಶನಿವಾರ ಬೆಳಗ್ಗೆ ಬಟ್ಟೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಮೊದಲ ಸಲ ಅದು ನನ್ನ ಮೂಗಿನ ಹತ್ತಿರ ಬಂತು. ಘಮ್ಮೆಂದಿತು. ನಮ್ಮ ಮನೆಯ ಸೋಪಿನ ಪುಡಿಯ ಘಮ.

ಮಗಳು ಆಯಿ ಎಂದು ಕರೆಯುವ ನನ್ನ ಅತ್ತೆ ಆಗ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಲ್ಕನಿಯ ಬಿಸಿಲಿಗೆ ಕೂತಿದ್ದರು. ಬಟ್ಟೆ ಹಿಡಿದೇ ಹೋದೆ.

“ಅತ್ತೀ, ಇದನ್ನ ಒಗದೀರೇನ್ರಿ?”

“ಮತ್ತ ಬಿಡಾಕ ಆಕ್ಕೈತೇನ? ಕೂಸು ಮಕ್ಕೊಳ್ಳೋ ಕೋಣ್ಯಾಗ ಹಂತಾ ನಾತದ್ದು ಇಟ್ಟಿದ್ದಿ. ನೀ ಕಾಯಿಪಲ್ಲೆ ತರಾಕ ಹ್ವಾದಾಗನ ಮಷೀನಿಗೆ ಹಾಕಿ, ಒಣಗಿಸಿ, ಮಡಚಿ ಇಟ್ಟೀನಿ. ನಿನಗ ಗೊತ್ತಾಗಲಿಲ್ಲ?”

ಅವರಿಗೆ ಆ ಮಷೀನಿನಲ್ಲಿ ಗೊತ್ತಿದ್ದದ್ದು ಒಂದೇ ಗುಂಡಿ, ಕುದಿಯುವಂಥ ಬಿಸಿನೀರಿನದು. ನಾಯಿಯ ಎಂಜಲು, ಹೊಟ್ಟು, ಕೂದಲು ಎಲ್ಲವೂ ಹೋದ ಶನಿವಾರವೇ ಚರಂಡಿ ಸೇರಿದ್ದವು. ನಮ್ಮ ಮಗಳು ವಾರವಿಡೀ ಮಡಿಬಟ್ಟೆಯ ಮೇಲೆ ಮಲಗಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದು? ಆವತ್ತು ಬಸ್ಸಿನಲ್ಲಿ ಬರುವಾಗ ಈ ಪರೀಕ್ಷೆಯ ವಿಷಯವನ್ನು ನಾವು ಮೂವರೂ ಇಂಗ್ಲಿಷು ಜರ್ಮನ್ ಕಲಸಿ ಮಾತಾಡಿಕೊಂಡಿದ್ದೆವು. ಮನೆಯಲ್ಲಿದ್ದ ಹಿರಿಯರಿಗೆ ಕನ್ನಡದಲ್ಲಿ ಒಂದು ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಮನೆಗೆ ಹೊಲಸು ಬಂದರೆ ಒಗೆದು ಹಾಕುವುದು ಅವರ ಜೀವಮಾನದ ಕೆಲಸ, ಅದನ್ನೇ ಮಾಡಿದ್ದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಬೂಟು ಹಾಕಿಕೊಂಡು ತಯಾರಾಗಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿನಗ ಗೊತ್ತಿತ್ತು?” ಎಂದೆ.

“ಫಸ್ಟ್ ಡೇನ ಗೊತ್ತಾತು. ಅದರಾಗ ಅವನ ವಾಸನೀನ ಇರಲಿಲ್ಲ.”

“ಮತ್ತ ಯಾಕ ಹೇಳಲಿಲ್ಲ?”

ಅವಳು ಬೂಟಿನ ತುದಿ ನೋಡಿದಳು. “ಹೇಳಿದ್ರ ನೀ ಇನ್ನೊಂದು ಬಟ್ಟೆ ತರ್ತಿದ್ದಿ. ಆಮ್ಯಾಲ ನನಗ ಕೆಮ್ಮು ಬರ್ತಿತ್ತು. ಆಮ್ಯಾಲ ನೀ ನೋ ಅಂತಿದ್ದಿ.”

ನನ್ನ ಮನಸ್ಸಿನಲ್ಲಿದ್ದದ್ದು ಅವಳಿಗೆ ಅಷ್ಟು ದಿನದಿಂದ ಗೊತ್ತಿತ್ತೆಂದು ತಿಳಿದು ನಾಚಿಕೆಯಾಯಿತು.

ಆದರೂ ಹೋದೆವು. ಬಸ್ಸಿನಲ್ಲಿ ನಾನು ಚೀಲದೊಳಗೆ ಕೈಯಿಟ್ಟು ಇನ್ಹೇಲರ್ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡೆ. ಆ ಹೆಂಗಸಿಗೆ ನಡೆದದ್ದನ್ನು ಗಂಡ ಹೇಳಿದಾಗ ಅವಳು ಬಟ್ಟೆಯನ್ನು ಮೂಸಿ ನೋಡಿದಳು, ನಗಲಿಲ್ಲ. “ಹಾಗಾದರೆ ಇಲ್ಲೇ ಅಡುಗೆಮನೆಯಲ್ಲಿ ಕೂರಿ,” ಎಂದು ತೋಟದ ಬಾಗಿಲು ಹಾಕಿ, ಕಂದು ಮರಿಯನ್ನು ಮಗಳ ಕೈಗೆ ಕೊಟ್ಟಳು.

ಮರಿ ಮಗಳ ಗದ್ದ ನೆಕ್ಕಿತು. ಅವಳು ಅದರ ಗುಂಗುರು ಕೂದಲಿನಲ್ಲಿ ಮುಖ ಹುದುಗಿಸಿದಳು. ನಮ್ಮ ಮುಂದೆ ಕಾಫಿ ಇತ್ತು, ಯಾರೂ ಕುಡಿಯಲಿಲ್ಲ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಸ್ವಲ್ಪ ಹೊತ್ತಿಗೆ ಮಗಳು ನೀರು ಕೇಳಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ನೀರು. ಆಮೇಲೆ ಮರಿಗೆ ಹೊರಗಿನ ಹಕ್ಕಿ ತೋರಿಸುವ ನೆಪದಲ್ಲಿ ಕಿಟಕಿಯ ಕಡೆಗೆ ತಿರುಗಿ ನಿಂತಳು. ಭುಜ ಸಣ್ಣಗೆ ಅಲುಗುತ್ತಿತ್ತು. ಕೆಮ್ಮನ್ನು ಬಾಯಲ್ಲೇ ನುಂಗುತ್ತಿದ್ದಾಳೆಂದು ತಿಳಿಯಲು ನಾನು ಕಿವಿ ಹಚ್ಚಬೇಕಾಗಿರಲಿಲ್ಲ.

ಹೋಗಿ ಮರಿಯನ್ನು ತೆಗೆದುಕೊಂಡೆ. ನಾಯಿಯೊಂದನ್ನು ನಾನು ಎತ್ತಿಕೊಂಡದ್ದು ಅದೇ ಮೊದಲು; ಬೆಚ್ಚಗಿತ್ತು, ಎದೆ ಡವಡವ ಎನ್ನುತ್ತಿತ್ತು. ಮಗಳ ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತ್ತು. ತೋಟಕ್ಕೆ ಕರೆದುಕೊಂಡು ಹೋಗಿ ಇನ್ಹೇಲರ್ ಕೊಟ್ಟೆವು. ಉಸಿರು ಹತೋಟಿಗೆ ಬಂದ ಮೇಲೆ ಅವಳು ಆ ಹೆಂಗಸಿನ ಮುಂದೆ ನೆಟ್ಟಗೆ ನಿಂತು ಜರ್ಮನ್‌ನಲ್ಲಿ ಹೇಳಿದಳು:

“ಇವನನ್ನು ಬೇರೆಯವರಿಗೆ ಕೊಡಿ. ಮುದ್ದು ಮಾಡಿದರೆ ಏನೂ ಆಗದವರಿಗೆ ಕೊಡಿ. ಇವನಿಗೆ ಮುದ್ದು ಬೇಕು.”

ಅಳಲಿಲ್ಲ. ಅತ್ತಿದ್ದರೆ ತಬ್ಬಿಕೊಂಡು ಸಮಾಧಾನ ಮಾಡಿ ಮನೆಗೆ ಕರೆತರುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಎರಡು ವರ್ಷ ನಾನು ಕಾದಿದ್ದ ‘ಬೇಡ’ವನ್ನು ಅವಳೇ ನನ್ನ ಪರವಾಗಿ ಹೇಳಿಬಿಟ್ಟಿದ್ದಳು. ಅದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಗಂಡ ಧನ್ಯವಾದ ಹೇಳಿ ಹೊರಡಲು ಜಾಕೆಟ್ ಹಾಕಿಕೊಳ್ಳುತ್ತಿದ್ದರು. ಮರಿ ಇನ್ನೂ ನನ್ನ ತೋಳಿನಲ್ಲೇ ಇತ್ತು. ನನ್ನ ಹರಕುಮುರುಕು ಜರ್ಮನ್‌ನಲ್ಲಿ ಆ ಹೆಂಗಸನ್ನು ಕೇಳಿದೆ: “ಇನ್ನೊಂದು ಇದೆಯೇ? ಇದಲ್ಲದೆ ಬೇರೆ?”

ಆಕೆ ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. “ಇದೆ. ಆದರೆ ಇವತ್ತು ಬೇಡ. ಆ ಎದೆಗೆ ಇವತ್ತು ಇಷ್ಟು ಸಾಕು. ಡಾಕ್ಟರನ್ನು ಕೇಳಿಕೊಂಡು ಬನ್ನಿ.”

ಮಗಳು ನನ್ನ ತೋಳು ಹಿಡಿದಳು. “ಖರೇನ, ಮಮ್ಮಿ? ಮತ್ತ ಕೆಮ್ಮು ಬಂದ್ರ?”

“ಬಂದ್ರ ನನ್ನ ಮುಂದ ಕೆಮ್ಮು,” ಎಂದೆ. “ಮುಚ್ಚಿಡಬ್ಯಾಡ.”